ಅಟ್ಟದ ಮೇಲಿನ ಸೇಬು

ನಮ್ಮ ಅಡುಗೆಮನೆಯಲ್ಲಿ ಯಾರೂ ಗಂಟಲು ಹರಿದುಕೊಂಡು ಮಾತಾಡುವಂತಿರಲಿಲ್ಲ. ಮೇಲೆ ಅಟ್ಟದಲ್ಲಿ ಕಾಯಿ ಮಲಗಿವೆ, ಮೆತ್ತಗೆ ಮಾತಾಡಿ ಅನ್ನುತ್ತಿದ್ದಳು ಅವ್ವ. ತೊಟ್ಟಿಲಲ್ಲಿ ಮಗು ಮಲಗಿದ್ದರೆ ಹೇಗೆ ಹೇಳುತ್ತಾರೋ ಹಾಗೆಯೇ ಹೇಳುತ್ತಿದ್ದಳು. ಬೇರೆ ಸೀಮೆಯವರಿಗೆ ಇದು ಹುಚ್ಚು ಅನಿಸಬಹುದು. ಅನಿಸಲಿ, ನನಗೇನು. ತಿಪಟೂರು ಹುಳಿಯಾರು ಕಡೆ ಉಂಡೆ ಕೊಬ್ಬರಿ ಆಗುವುದೇ ಹೀಗೆ. ಬಲಿತ ತೆಂಗಿನಕಾಯನ್ನು ಮೇಲಿನ ನಾರಿನ ಮಟ್ಟೆ ಸಮೇತ ಅಟ್ಟಕ್ಕೆ ಏರಿಸುತ್ತೇವೆ. ಕೆಳಗೆ ಒಲೆಯ ಹೊಗೆ, ಮೇಲೆ ಹೆಂಚಿನ ಬಿಸಿ, ನಡುವೆ ಕತ್ತಲು. ಮುಂದಿನ ವರ್ಷದ ತನಕ ಅದನ್ನು ಯಾರೂ ಮುಟ್ಟುವುದಿಲ್ಲ. ಒಳಗಿನ ನೀರು ತಾನಾಗಿಯೇ ಇಂಗುತ್ತದೆ, ತಿರುಳು ತಾನಾಗಿಯೇ ಚಿಪ್ಪಿನಿಂದ ಬಿಡಿಸಿಕೊಳ್ಳುತ್ತದೆ. ಆಮೇಲೆ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಉಂಡೆ ಉರುಳಿದ ಸದ್ದು ಕೇಳುತ್ತದೆ. ಆಗ ಇಳಿಸಬೇಕು. ಅಷ್ಟು ತಾಳ್ಮೆ ಇಲ್ಲದೆ ಕಾಯಿ ಒಡೆದು, ಹೋಳು ಮಾಡಿ, ಬಿಸಿಲಿಗೆ ಹಾಕಿ ಒಣಗಿಸುವವರೂ ಇದ್ದಾರೆ. ನಮ್ಮವ್ವ ಅಂಕಮ್ಮ ಅಂಥವರ ಮನೆಯಲ್ಲಿ ನೀರು ಕುಡಿಯುವುದಕ್ಕೂ ಹಿಂದೆಮುಂದೆ ನೋಡುತ್ತಿದ್ದಳು.

ಇಂಥ ಮನೆಗೆ ಒಂದು ಸಲ ಸೇಬು ಬಂತು.

ಎಪ್ಪತ್ತೊಂಬತ್ತೋ ಎಂಬತ್ತೋ ಇರಬೇಕು. ಆಯುಧಪೂಜೆ ಮುಗಿದು ಚಿತ್ತೆ ಮಳೆಯ ಮೋಡ ಕಟ್ಟುತ್ತಿದ್ದ ಕಾಲ. ತಂದವನು ನಮ್ಮಣ್ಣ ಗಂಗಾಧರಯ್ಯ. ಹುಳಿಯಾರಿನ ಶ್ರೀರಂಗಯ್ಯ ಸಾಹುಕಾರರ ಲಾರಿಗೆ ಅವನು ಡ್ರೈವರು. ಇಲ್ಲಿಂದ ಕೊಬ್ಬರಿ ಮೂಟೆ ಹೇರಿಕೊಂಡು ದಿಲ್ಲಿಗೆ ಹೋಗುವುದು, ಸೇಬಿನ ಕಾಲವಾದರೆ ಬರುವಾಗ ಬೆಂಗಳೂರಿಗೆ ಸೇಬು ಹೇರಿಕೊಂಡು ಬರುವುದು. ಮುಂದಿನ ಲೋಡು ಸಿದ್ಧವಾಗುವ ತನಕ ಮನೆಯಲ್ಲಿರುವುದು. ಮನೆ ಅಂದರೆ ಕೆಂಕೆರೆಯ ಹತ್ತಿರ, ತೋಟದ ಅಂಚಿಗೆ. ಅಲ್ಲಿ ಅವ್ವ, ಅಣ್ಣ, ಅತ್ತಿಗೆ ಮೀನಾಕ್ಷಮ್ಮ, ತಮ್ಮ ತಿಮ್ಮಯ್ಯ ಅಂದರೆ ನಾನು, ಅಷ್ಟೇ ಜನ. ನಾನು ತೋಟ ನೋಡಿಕೊಂಡು, ಕಾಯಿ ಸುಲಿದುಕೊಂಡು ಇದ್ದೆ. ನನಗೆ ಹೆಣ್ಣು ಹುಡುಕುತ್ತಿದ್ದರು. ಯಾರೂ ಒಪ್ಪಿರಲಿಲ್ಲ, ಆ ಮಾತು ಈಗ ಬೇಡ.

ಸೇಬಿನ ಒಂದು ಪೆಟ್ಟಿಗೆ ದಾರಿಯಲ್ಲಿ ಒಡೆದಿತ್ತಂತೆ. ಬೆಂಗಳೂರಿನ ಮಂಡಿಯವನು ಅದು ಬೇಡ ಅಂದಿದ್ದಕ್ಕೆ ಅಣ್ಣ ಹೆಗಲ ಮೇಲೆ ಹೊತ್ತು ತಂದಿದ್ದ. ಮುಚ್ಚಳ ತೆಗೆದರೆ ಒಣಹುಲ್ಲಿನ ನಡುವೆ ಸೇಬು, ಒಂದೊಂದೂ ಮಗುವಿನ ಕೆನ್ನೆಯ ಹಾಗೆ ಅರ್ಧ ಕೆಂಪು, ಅರ್ಧ ಹಳದಿ. ಆ ಕಾಲದಲ್ಲಿ ನಮ್ಮ ಕಡೆ ಸೇಬು ತಿನ್ನುತ್ತಿದ್ದವರು ಇಬ್ಬರೇ: ಶ್ರೀಮಂತರು ಮತ್ತು ಆಸ್ಪತ್ರೆಗೆ ಸೇರಿದವರು. ಪಕ್ಕದ ಮನೆಯ ಕೆಂಪಕ್ಕ ಪೆಟ್ಟಿಗೆ ಕಂಡವಳೇ ನಿಂತುಬಿಟ್ಟು, ನಿಮ್ಮನೇಲಿ ಯಾರನ್ನ ಆಸ್ಪತ್ರೆಗೆ ಸೇರಿಸಿದ್ದೀರಿ, ನಮಗೆ ಹೇಳಲೇ ಇಲ್ಲವಲ್ಲ ಅಂತ ಅವ್ವನ ಮೇಲೆ ಮುನಿಸಿಕೊಂಡಳು. ಅವ್ವ ಅವಳ ಕೈಗೆ ಒಂದು ಹಣ್ಣು ಇಟ್ಟು ಸಾಗಹಾಕಿದಳು.

ಕಾಯಿಲೆ ಇದ್ದದ್ದು ನಿಜವೇ. ಅದು ಅವ್ವನಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಾಯಿತು. ನಾನು ಹಿತ್ತಲಲ್ಲಿ ಹಾರೆಗೆ ಕಾಯಿ ಚುಚ್ಚಿ ಮಟ್ಟೆ ಸುಲಿಯುತ್ತಿದ್ದಾಗ ಅತ್ತಿಗೆ ಬಂದು ಕೂತಳು. ಯಾರಿಗಾದರೂ ಹೇಳದಿದ್ದರೆ ಎದೆ ಒಡೆದುಹೋಗುತ್ತದೆ ಅನ್ನುವ ಮುಖ. ಹೇಳಿದಳು.

ಮುಂಚೆ ಆ ಲಾರಿಗೆ ಇಬ್ಬರು ಡ್ರೈವರುಗಳಿದ್ದರು. ಒಬ್ಬ ಓಡಿಸಿದರೆ ಇನ್ನೊಬ್ಬ ಮಲಗುತ್ತಿದ್ದ. ಇನ್ನೊಬ್ಬ ಕೆಲಸ ಬಿಟ್ಟ ಮೇಲೆ ಸಾಹುಕಾರರು, ದೀಪಾವಳಿ ತನಕ ಒಬ್ಬನೇ ನಿಭಾಯಿಸು ಅಂದಿದ್ದರಂತೆ. ನಿಭಾಯಿಸಿದ. ಈ ಸಲ ದಿಲ್ಲಿಗೆ ಹೋಗುವಾಗ, ಗ್ವಾಲಿಯರ್ ದಾಟಿದ ಮೇಲೆ, ಬೆಳಕು ಹರಿಯುವ ಹೊತ್ತಿಗೆ ಅಣ್ಣನಿಗೆ ಗಾಜಿನ ಮೇಲೆ ಪಟಪಟ ಮಳೆ ಬಿದ್ದಂತಾಯಿತು. ಕಣ್ಣು ಬಿಟ್ಟರೆ ಮಳೆಯಲ್ಲ, ಸಜ್ಜೆಯ ತೆನೆ. ಲಾರಿ ತನ್ನಷ್ಟಕ್ಕೆ ತಾನೇ ರಸ್ತೆ ಬಿಟ್ಟು ಇಳಿದು, ಆಳೆತ್ತರದ ಸಜ್ಜೆ ಹೊಲದ ನಡುವೆ ಹೋಗಿ ನಿಂತಿತ್ತು. ಮೂತಿಯ ಮುಂದೆಯೇ ಕಟ್ಟೆಯಿಲ್ಲದ ಒಂದು ಬಾವಿ. ಯಾರಿಗೂ ಏನೂ ಆಗಲಿಲ್ಲ. ಹೊಲದವರು ಬಂದು ಬೈದು, ಎತ್ತು ಕಟ್ಟಿ ಲಾರಿ ಎಳೆದುಕೊಟ್ಟರು.

ಅತ್ತಿಗೆಗೆ ದಿಗಿಲಾದದ್ದು ಬಾವಿಯ ಮಾತಿಗಲ್ಲ.

“ಚೆನ್ನಾಗಿತ್ತು ಅಂತಾರೆ ಕಣಪ್ಪ ತಿಮ್ಮಯ್ಯ,” ಅಂದಳು. “ಸುತ್ತಾ ಮಂಜಂತೆ, ತೆನೆ ಮೇಲೆಲ್ಲ ಹನಿಯಂತೆ, ಹಕ್ಕಿ ಕೂಗ್ತಿದ್ವಂತೆ. ಹೆದರಿಕೇನೇ ಆಗ್ಲಿಲ್ಲ, ಅಲ್ಲೇ ಇದ್ಬುಡೋಣ ಅನ್ನಿಸ್ತು ಅಂತಾರೆ. ಬಾವಿ ಮುಂದೆ ನಿಂತ್ಕೊಂಡು ಚೆನ್ನಾಗೈತೆ ಅನ್ನೋರ್ನ ನಾನು ಹೆಂಗೆ ಕಳಿಸ್ಲಿ?”

ಇನ್ನೊಂದು ವಿಚಿತ್ರ ಏನೆಂದರೆ, ರಸ್ತೆಯಲ್ಲಿ ತೂಕಡಿಸುವವನಿಗೆ ಮನೆಯಲ್ಲಿ ನಿದ್ದೆ ಇಲ್ಲ. ಚಾಪೆಯ ಮೇಲೆ ಬಿದ್ದರೆ ಮೈ ಇನ್ನೂ ಓಡುತ್ತಲೇ ಇರುತ್ತದೆ, ನೆಲ ಅಲ್ಲಾಡುವುದಿಲ್ಲ, ಅದಕ್ಕೇ ಕಣ್ಣು ಮುಚ್ಚುವುದಿಲ್ಲ ಅನ್ನುತ್ತಿದ್ದ. ಎದ್ದು ತೋಟದಲ್ಲಿ ಮರದಿಂದ ಮರಕ್ಕೆ ಸುತ್ತುತ್ತಿದ್ದ. ಈ ಸಂಗತಿ ಹೊರಗೆ ಗೊತ್ತಾದರೆ ಮಂಡಿಯಲ್ಲಿ ಯಾರೂ ಅವನ ಕೈಗೆ ಲಾರಿ ಕೊಡುವುದಿಲ್ಲ. ಅದಕ್ಕೇ ಸಾಹುಕಾರರಿಗೂ ಅವ್ವನಿಗೂ ಹೇಳಬೇಡ ಅಂತ ಹೆಂಡತಿಯಿಂದ ಆಣೆ ಹಾಕಿಸಿಕೊಂಡಿದ್ದ. ನನಗೆ ಹೇಳಬೇಡ ಅಂದಿರಲಿಲ್ಲ. ನಮ್ಮತ್ತಿಗೆ ಅಂಥ ವಿಷಯದಲ್ಲಿ ಬಲು ಚುರುಕು.

ಆಮೇಲೆ ಸೆರಗಿನ ಗಂಟು ಬಿಚ್ಚಿ ಏನೋ ತೋರಿಸಿದಳು. ಹಳೆಯ ಚರ್ಮದ ಬಳೆಯ ಹಾಗೆ ಕಂದು ಬಣ್ಣದ್ದೊಂದು ಬಿಲ್ಲೆ, ನಡುವೆ ತೂತು. ದಿಲ್ಲಿಯ ಹೋಟೆಲಿನಲ್ಲಿ ಬೆಟ್ಟದ ಕಡೆಯ ಒಬ್ಬ ಮುದಿ ಡ್ರೈವರು ಅಣ್ಣನ ಕಣ್ಣು ನೋಡಿಯೇ ಗುರುತು ಹಿಡಿದು ಒಂದು ಹಿಡಿ ಕೊಟ್ಟಿದ್ದನಂತೆ. ಒಣಗಿಸಿದ ಸೇಬು. ಅವರ ಕಡೆ ಮನೆಮನೆಯಲ್ಲೂ ಮಾಡಿಟ್ಟುಕೊಳ್ಳುತ್ತಾರಂತೆ. ಬಾಯಲ್ಲಿ ಹಾಕಿಕೊಂಡರೆ ಬೇಗ ಕರಗುವುದಿಲ್ಲ, ದವಡೆ ಅಗಿಯುತ್ತಲೇ ಇರಬೇಕು, ಹುಳಿ ನಾಲಿಗೆಯನ್ನು ಚಿವುಟುತ್ತಿರುತ್ತದೆ, ನಿದ್ದೆ ಹತ್ತಿರ ಸುಳಿಯುವುದಿಲ್ಲ. ಹಾಗೆ ಅಗಿಯುತ್ತಲೇ ಅಣ್ಣ ಊರು ಸೇರಿದ್ದ. ಕೊನೆಯದೊಂದನ್ನು ಹೆಂಡತಿಗೆ ಅಂತ ಉಳಿಸಿಕೊಂಡಿದ್ದ. ನನಗೂ ಚೂರು ಮುರಿದುಕೊಟ್ಟಳು. ಮೊದಲು ಏನೂ ಇಲ್ಲ, ಬರೀ ತೊಗಲು. ಆಮೇಲೆ ನಿಧಾನವಾಗಿ ಹುಳಿ, ಅದರ ಹಿಂದೆ ಸಿಹಿ, ಅದರ ಹಿಂದೆ ನಾನು ನೋಡಿರದ ಯಾವುದೋ ಬೆಟ್ಟದ ಗಾಳಿ. ಬುರುಡೆ ಅಂದುಕೊಳ್ಳಿ, ಆದರೆ ಬಾಯಲ್ಲಿ ಗಾಳಿ ಬೀಸಿದ್ದು ನಿಜ.

ಮುಂದಿನ ಲೋಡು ಏರುವುದರೊಳಗೆ ಗಂಡನಿಗೆ ಒಂದು ಚೀಲ ಒಣಸೇಬು ಮಾಡಿ ಕೊಡಬೇಕು. ಅಷ್ಟೇ ಅವಳ ಲೆಕ್ಕ.

ಈಳಿಗೆಮಣೆ ಹಾಕಿಕೊಂಡು ಮೊದಲ ಹಣ್ಣಿಗೆ ಕೈ ಇಟ್ಟಳೋ ಇಲ್ಲವೋ, ಅವ್ವ ಬಂದಳು. ಗಂಡನಿಗೆ ದಾರಿಯಲ್ಲಿ ತಿನ್ನಲು ಹಣ್ಣು ಒಣಗಿಸುತ್ತೇನೆ ಅಂತ ಅತ್ತಿಗೆ ಹೇಳಿದಳು. ಅದು ಅವ್ವನಿಗೆ ಸರಿಯೇ. ಕುಯ್ಯುವುದು ಮಾತ್ರ ಸರಿಯಲ್ಲ. ಮೂರು ತಲೆಮಾರಿನಿಂದ ಈ ಮನೆಯಲ್ಲಿ ಹೋಳು ಮಾಡಿ ಒಣಗಿಸಿದ್ದಿಲ್ಲ, ಹೋಳು ಮಾಡುವುದು ಕೆಟ್ಟ ಕಾಯನ್ನು, ಇಷ್ಟು ಚಂದದ ಹಣ್ಣನ್ನು ಯಾಕೆ ಕೆಡಿಸುತ್ತೀಯ ಅಂತ ಶುರುಮಾಡಿದಳು. ಇದಕ್ಕೆ ಚಿಪ್ಪಿಲ್ಲ ಅತ್ತೆ, ಕೊಳೆತುಹೋಗುತ್ತದೆ ಅಂತ ಅತ್ತಿಗೆ ಅಂದರೆ, ಅವ್ವ ಒಂದು ಸೇಬನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ನಮ್ಮ ಕರ್ಮಕ್ಕೆ ಅದರೊಳಗಿನ ಬೀಜ ಲೊಟಲೊಟ ಅಂದವು. ಕೆಲವು ಜಾತಿಯ ಸೇಬು ಹಾಗೆ ಸದ್ದು ಮಾಡುತ್ತವೆ, ಆಮೇಲೆ ತಿಳಿದದ್ದು. ಅವ್ವನ ಮುಖ ಗೆದ್ದವರ ಮುಖವಾಯಿತು.

“ನೋಡೇ, ಆಗ್ಲೇ ಒಳಗೆ ಬುಟ್ಕೊಳ್ತಾ ಐತೆ. ಒಣಗೋದು ಅಂದ್ರೆ ನಿದ್ದೆ ಮಾಡ್ದಂಗೆ ಕಣೇ ಮೀನಾಕ್ಷಿ. ಕತ್ತಲಾಗಿರ್ಬೇಕು, ಬೆಚ್ಚಗಿರ್ಬೇಕು, ಯಾರೂ ಮುಟ್ಟಬಾರ್ದು. ಕುಯ್ದು ಬಿಸ್ಲಿಗೆ ಎಸೆದ್ರೆ ಅದು ನಿದ್ದೆಗೆಟ್ಟಂಗೆ.”

ಅತ್ತಿಗೆಗೆ ಬೇಕಾಗಿದ್ದದ್ದು ಸರಿಯಾಗಿ ಅದೇ, ನಿದ್ದೆ ಕೆಡಿಸುವ ಹಣ್ಣು. ಹಾಗಂತ ಹೇಳುವಂತಿರಲಿಲ್ಲ. ಕೊನೆಗೆ ನಾನೇ ನಡುವೆ ಬಾಯಿ ಹಾಕಿ ಪೆಟ್ಟಿಗೆಯನ್ನು ಎರಡು ಪಾಲು ಮಾಡಿದೆ. ಒಂದು ಪಾಲು ಅವ್ವನ ಕ್ರಮಕ್ಕೆ, ಒಂದು ಪಾಲು ಅತ್ತಿಗೆಯ ಕ್ರಮಕ್ಕೆ. ಅವ್ವನ ಪಾಲನ್ನು ಹುಲ್ಲಿನ ಸಮೇತ ನಾನೇ ಅಟ್ಟಕ್ಕೆ ಏರಿಸಿದೆ. ಒಲೆಯ ನೇರಕ್ಕೆ ಬರುವ ಮೂಲೆಯಲ್ಲಿ, ಅವ್ವ ಅತಿ ಜತನದಿಂದ ಆರಿಸಿಟ್ಟಿದ್ದ ದೊಡ್ಡ ಕಾಯಿಗಳ ಮೇಲೆ, ಒಂದಕ್ಕೊಂದು ತಾಗದ ಹಾಗೆ ಜೋಡಿಸಬೇಕು ಅಂತ ಕೆಳಗಿನಿಂದಲೇ ಹೇಳಿಕೊಟ್ಟಳು. ಮುಂದಿನ ಆಯುಧಪೂಜೆಗೆ ಇಳಿಸೋಣ ಅಂದಳು. ಲೋಡು ಏರುವುದು ಇನ್ನೊಂದು ವಾರಕ್ಕೆ ಅಂತ ನೆನಪಿಸಿದರೆ, ಒಣಗುವ ಪದಾರ್ಥಕ್ಕೆ ಲಾರಿ ಗೊತ್ತಿಲ್ಲ ಅಂದುಬಿಟ್ಟಳು.

ಅತ್ತಿಗೆ ತನ್ನ ಪಾಲನ್ನು ಬಿಲ್ಲೆಬಿಲ್ಲೆಯಾಗಿ ಕುಯ್ದು, ಉಪ್ಪುನೀರಲ್ಲಿ ಅದ್ದಿ, ತೆಂಗಿನಗರಿಯ ಕಡ್ಡಿಗಳಿಗೆ ಪೋಣಿಸಿದಳು. ಅಂಗಳದಲ್ಲಿ ಎರಡು ಮಂಕರಿ ಬುಟ್ಟಿಗಳ ನಡುವೆ ಆ ಕಡ್ಡಿಗಳನ್ನು ಅಡ್ಡ ಇಟ್ಟರೆ, ಬಿಸಿಲು ಬಿಲ್ಲೆಗಳನ್ನು ಹಾದು ನೆಲದ ಮೇಲೆ ಹಳದಿ ಹಳದಿಯಾಗಿ ಬೀಳುತ್ತಿತ್ತು. ನೋಡುವುದಕ್ಕೆ ಚೆಂದವೇ. ಆದರೆ ಚಿತ್ತೆ ಮಳೆ ಅಂಥ ಚೆಂದವನ್ನೆಲ್ಲ ಕೇಳುತ್ತದೆಯೇ. ಗಳಿಗೆ ಬಿಸಿಲು, ಗಳಿಗೆ ಮೋಡ. ಅವಳು ಎತ್ತಿಕೊಂಡು ಒಳಗೆ ಓಡಬೇಕು, ಮತ್ತೆ ಹೊರಗೆ ತರಬೇಕು. ಇರುವೆ ಸಾಲುಗಟ್ಟಿತು. ಬಿಲ್ಲೆ ಒಣಗುವ ಬದಲು ಮೆತ್ತಗಾಗಿ, ಹಳೆಯ ಬಟ್ಟೆಯ ಹಾಗೆ ಜೋತುಬಿದ್ದವು. ಅವ್ವ ಏನೂ ಅನ್ನಲಿಲ್ಲ. ಏನೂ ಅನ್ನದೆ ಇರುವುದರಲ್ಲಿ ನಮ್ಮವ್ವನನ್ನು ಮೀರಿಸುವವರು ಆ ಸೀಮೆಯಲ್ಲೇ ಇರಲಿಲ್ಲ.

ಆಮೇಲೆ ಅತ್ತಿಗೆಗೆ ಹೊಳೆಯಿತು. ಕಡ್ಡಿಗಳನ್ನು ತಂದು ಅಟ್ಟದ ಬಿದಿರು ದಬ್ಬೆಗಳಿಗೆ ದಾರ ಕಟ್ಟಿ, ಒಲೆಯ ಮೇಲೆ ತೂಗಿಬಿಟ್ಟಳು. ಕುಯ್ದದ್ದು ಅವಳ ಕ್ರಮ, ಹೊಗೆ ಅವ್ವನ ಕ್ರಮ. ಮಟ್ಟೆಯ ಸಣ್ಣ ಉರಿ ಬೆಳಗಿನಿಂದ ಸಂಜೆಯವರೆಗೆ ಆರದ ಹಾಗೆ ನೋಡಿಕೊಂಡಳು. ಅವ್ವ ನೋಡಿದಳು, ನೋಡದವಳ ಹಾಗೆ ಅತ್ತ ತಿರುಗಿ ಹುರುಳಿ ಕೇರಿದಳು. ಅಷ್ಟರಮಟ್ಟಿಗೆ ರಾಜಿ ಆಯಿತು.

ಆಗ ಶುರುವಾಯಿತು ನೋಡಿ ಆ ವಾಸನೆ.

ಮೊದಮೊದಲು ಅಡುಗೆಮನೆಯಲ್ಲಿ ಮಾತ್ರ. ಆಮೇಲೆ ಪಡಸಾಲೆಗೆ, ಆಮೇಲೆ ದನ ಕಟ್ಟುವ ಕಡೆಗೆ. ಕೆಳಗೆ ಕಡ್ಡಿಯಲ್ಲಿ ಒಣಗುವ ಸೇಬು, ಮೇಲೆ ಕತ್ತಲಲ್ಲಿ ಮಾಗುವ ಸೇಬು, ಅವೆರಡರ ನಡುವೆ ಮಟ್ಟೆಯ ಹೊಗೆ, ಅದರೊಳಗೆ ವರ್ಷದ ಕೊಬ್ಬರಿಯ ಎಣ್ಣೆ ವಾಸನೆ. ಹೇಗೆ ಹೇಳಲಿ. ಬೆಲ್ಲ ಕಾಯಿಸಿದ ಹಾಗೆ, ಆದರೆ ಬೆಲ್ಲವಲ್ಲ. ಸಣ್ಣ ಮಗುವಿನ ನೆತ್ತಿ ಮೂಸಿದ ಹಾಗೆ, ಆದರೆ ಅದೂ ಅಲ್ಲ. ಮನೆಯೊಳಗೆ ಕಾಲಿಟ್ಟರೆ ಮಾತು ತಾನಾಗಿಯೇ ತಗ್ಗುತ್ತಿತ್ತು. ಅವ್ವ ಮೆತ್ತಗೆ ಮಾತಾಡಿ ಅನ್ನುವ ಕೆಲಸವೇ ಉಳಿಯಲಿಲ್ಲ. ಬೆಕ್ಕು ಇಲಿಯನ್ನು ನೋಡಿದರೂ ಏಳುತ್ತಿರಲಿಲ್ಲ. ಬೆಂಕಿ ಕೇಳಲು ಬಂದ ಕೆಂಪಕ್ಕ ಗೋಡೆಗೆ ಒರಗಿ ಕೂತು, ಯಾಕೆ ಬಂದೆ ಅನ್ನುವುದನ್ನೇ ಮರೆತು ಎದ್ದುಹೋದಳು.

ಮನೆಯವರಿಗೆಲ್ಲ ಕನಸು ಬೀಳತೊಡಗಿದವು. ನಮ್ಮ ಮನೆಯಲ್ಲಿ ಕನಸು ಹೇಳಿಕೊಳ್ಳುವ ರೂಢಿಯೇ ಇರಲಿಲ್ಲ, ರಾಗಿ ಬೀಸುವವರಿಗೆ ಅದಕ್ಕೆಲ್ಲಿ ಪುರಸೊತ್ತು. ಈಗ ಬೆಳಿಗ್ಗೆ ಎದ್ದು ಒಲೆಯ ಮುಂದೆ ಕೂತರೆ ಅದೇ ಮಾತು. ತೋಟದ ಮರಗಳೆಲ್ಲ ಬೇರು ಮಡಚಿಕೊಂಡು ನೆಲದ ಮೇಲೆ ಕೂತು ನೀರು ಕೇಳಿದ ಹಾಗೆ ನನಗೆ ಕನಸಾಯಿತು. ಅವ್ವನ ಕನಸಿನಲ್ಲಿ ಸತ್ತ ನಮ್ಮಪ್ಪ ಬಂದು ಅಟ್ಟದ ಏಣಿಯ ಮೇಲೆ ಕೂತು, ಕೆಳಗಿಳಿಯಿರಿ ಅಂದರೂ ಇಳಿಯದೆ, ಇಲ್ಲಿ ಬೆಚ್ಚಗಿದೆ ಅಂತ ನಗುತ್ತಿದ್ದನಂತೆ. ಅದನ್ನು ಹೇಳುವಾಗ ಅವ್ವನಿಗೆ ನಾಚಿಕೆ. ಅತ್ತಿಗೆಯ ಕನಸಿನಲ್ಲಿ ಮಾತ್ರ ಸಜ್ಜೆ ಹೊಲ. ಅದನ್ನು ಅವಳು ನನಗೊಬ್ಬನಿಗೇ ಹೇಳಿದಳು, ತೆನೆ ಸರಿಸುತ್ತಾ ಸರಿಸುತ್ತಾ ಹೋದರೂ ಲಾರಿ ಸಿಗಲಿಲ್ಲ ಅಂತ.

ಅಣ್ಣನಿಗೆ ಕನಸಿಲ್ಲ, ಏಕೆಂದರೆ ನಿದ್ದೆಯೇ ಇಲ್ಲ. ಅವನು ಪಡಸಾಲೆಯಲ್ಲಿ ಮಲಗುತ್ತಿದ್ದ, ಬಾಗಿಲ ಗಾಳಿಗೆ ವಾಸನೆ ಅಲ್ಲಿಗೆ ಅಷ್ಟಾಗಿ ಬರುತ್ತಿರಲಿಲ್ಲ. ಕಣ್ಣ ಕೆಳಗೆ ಕಪ್ಪು, ಮಾತಾಡುತ್ತಾ ಆಡುತ್ತಾ ನಡುವೆ ನಿಂತುಬಿಡುತ್ತಿದ್ದ. ಲಾರಿಯ ಓಡಾಟ, ಬಂದಾಗೆಲ್ಲ ಹೀಗೆಯೇ ಅಂದುಕೊಂಡಿದ್ದಳು ಅವ್ವ. ಈ ಸಲ ಮಾತ್ರ ಅವನನ್ನು ನೋಡುತ್ತಾ ಕೂರುತ್ತಿದ್ದಳು.

ನಾಳೆ ಲೋಡು, ಬೆಳಿಗ್ಗೆ ಹುಳಿಯಾರಿಗೆ ಬಂದುಬಿಡು ಅಂತ ಸಾಹುಕಾರರು ಹೇಳಿಕಳಿಸಿದರು. ಆ ಮಧ್ಯಾಹ್ನ ಅಣ್ಣ ಮುದ್ದೆ ಉಂಡು, ಹೆಂಡತಿ ಒಲೆಯ ಮುಂದೆ ಬಿಲ್ಲೆ ತಿರುಗಿಸುತ್ತಿದ್ದಳಲ್ಲ, ಅವಳ ಹತ್ತಿರ ಏನೋ ಮಾತಾಡುತ್ತಾ ಅಟ್ಟದ ಕೆಳಗೆ ಬರಿನೆಲದಲ್ಲಿ ಕಾಲು ಚಾಚಿದ. ಅಷ್ಟು ಹೊತ್ತಿಗೆ ಬಿಲ್ಲೆಗಳು ಚೆನ್ನಾಗಿ ಒಣಗಿ, ಮುರಿಯಹೋದರೆ ಮುರಿಯದೆ ಬಳುಕುವ ಹದಕ್ಕೆ ಬಂದಿದ್ದವು. ಅದನ್ನು ತೋರಿಸೋಣ ಅಂತ ಅತ್ತಿಗೆ ತಿರುಗಿ ನೋಡಿದರೆ ಅಣ್ಣ ಮಲಗಿದ್ದ. ಬಾಯಿ ಸ್ವಲ್ಪ ತೆರೆದಿತ್ತು. ಲಾರಿಯ ಸ್ಟೇರಿಂಗು ಹಿಡಿದ ಹಾಗೇ ಇರುತ್ತಿದ್ದ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡಿದ್ದವು.

ಸಂಜೆಗೂ ಏಳಲಿಲ್ಲ. ಊಟಕ್ಕೂ ಏಳಲಿಲ್ಲ. ಬೆಳಗಾಯಿತು, ಮಗ್ಗುಲು ಬದಲಿಸಿದ, ಅಷ್ಟೇ. ನಾವು ಅವನನ್ನು ದಾಟಿಕೊಂಡು ಒಲೆ ಹೊತ್ತಿಸಿದೆವು, ಪಿಸುಮಾತಲ್ಲಿ ರೊಟ್ಟಿ ತಟ್ಟಿದೆವು. ಅತ್ತಿಗೆ ಬಿಲ್ಲೆಗಳನ್ನು ಕಡ್ಡಿಯಿಂದ ಬಿಡಿಸಿ, ಬಿಳಿ ಬಟ್ಟೆಯ ಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ಅವನ ಶರಟಿನ ಪಕ್ಕದಲ್ಲಿಟ್ಟಳು. ಎಬ್ಬಿಸಲು ಎರಡು ಸಲ ಬಗ್ಗಿದಳು, ಎರಡು ಸಲವೂ ಕೈ ಹಿಂದಕ್ಕೆ ತೆಗೆದುಕೊಂಡಳು.

ಆಗಲೇ ಅವ್ವನ ಹಣೆಯ ಮೇಲೆ ಒಂದು ಹನಿ ಬಿತ್ತು. ಮುಟ್ಟಿ ನೋಡಿ ಮೂಸಿದಳು. ತಲೆ ಎತ್ತಿ ದಬ್ಬೆಯ ಸಂದಿಯನ್ನು ನೋಡಿದಳು. ಅಲ್ಲಿ ಇನ್ನೊಂದು ಹನಿ ತುಂಬುತ್ತಿತ್ತು, ಜೇನಿನ ಬಣ್ಣದ್ದು. ನನಗೆ ಅರ್ಥವಾಯಿತು. ಏಣಿ ಹತ್ತಿ ಇಣುಕಿದೆ. ಸೇಬುಗಳೆಲ್ಲ ಕುಸಿದು, ಕಂದಾಗಿ, ಒಂದರೊಳಗೊಂದು ಇಳಿದಿದ್ದವು. ರಸ ಹರಿದು ಕೆಳಗಿನ ದೊಡ್ಡ ಕಾಯಿಗಳ ಮಟ್ಟೆಯೆಲ್ಲ ನೆನೆದಿತ್ತು. ಇಂದು ತೆಗೆದು ಒರೆಸಿ ಗಾಳಿಗೆ ಹಾಕಿದರೆ ಅರ್ಧ ಕಾಯಾದರೂ ಉಳಿದಾವು. ಬಿಟ್ಟರೆ ಆ ಮೂಲೆಯ ಕೊಬ್ಬರಿಯೆಲ್ಲ ಕೌಟು ವಾಸನೆ ಹಿಡಿದು ಹಾಳು. ಕೆಳಗಿಳಿದು ಅವ್ವನ ಕಿವಿಯಲ್ಲಿ ಅಷ್ಟು ಹೇಳಿ, ಈಗಲೇ ಇಳಿಸಲೇ ಅಂತ ಕೇಳಿದೆ.

ಅವ್ವ ಮಲಗಿದ್ದ ಅಣ್ಣನನ್ನು ನೋಡಿದಳು. ಮೇಲಿನ ವಾಸನೆಯನ್ನು ಒಂದು ಸಲ ಎಳೆದುಕೊಂಡಳು.

“ಇರ್ಲಿ ಬುಡು. ಅದ್ರ ಕೆಳಗೆ ಅವ್ನು ಮಲಗವ್ನೆ.”

ಇಷ್ಟು ವರ್ಷ ಒಂದು ಕಾಯಿ ಕೌಟಾದರೆ ಊಟ ಬಿಡುತ್ತಿದ್ದ ಹೆಂಗಸು. ಏಣಿಯನ್ನು ತಾನೇ ತೆಗೆದು ಗೋಡೆಗೆ ಒರಗಿಸಿ, ಹನಿ ಬೀಳುವ ಕಡೆ ಒಂದು ಬಟ್ಟಲಿಟ್ಟಳು. ಸದ್ದಾಗದ ಹಾಗೆ ಅದರೊಳಗೆ ಒಂದು ಚಿಂದಿ ಹಾಕಿದಳು.

ಬಿಸಿಲೇರುವ ಹೊತ್ತಿಗೆ ಹೊರಗೆ ಮೋಟಾರ್ ಸೈಕಲ್ಲಿನ ಸದ್ದು. ಶ್ರೀರಂಗಯ್ಯ ಸಾಹುಕಾರರು ತಾವೇ ಬಂದಿದ್ದರು. ಕೆಟ್ಟವರಲ್ಲ. ಒಳ್ಳೆಯವರು ಅಂತಲೂ ನಾನು ಹೇಳುವುದಿಲ್ಲ. ಜಗಲಿಯ ಮೇಲೆ ಕೂತು, ಮೂಟೆ ಏರಿಸಿ ಆಗಿದೆ, ಹಗ್ಗ ಬಿಗಿದು ಆಗಿದೆ, ಡ್ರೈವರೇ ಇಲ್ಲ, ಏನು ಮದುವಣಗಿತ್ತಿಯೇ ಅವನು, ಅಲಂಕಾರ ಮುಗಿದಿಲ್ಲವೇ ಅಂತ ಕೇಳಿದರು. ನಾನು ಮೈ ಹುಷಾರಿಲ್ಲ ಅಂತ ಏನೋ ಒದರಿದೆ. ಜ್ವರವೇ ಅಂದರು. ಹೌದು ಅಂದೆ. ಜ್ವರಕ್ಕೆ ಮಾತ್ರೆ ಕೊಡಿಸುತ್ತೇನೆ, ಎಬ್ಬಿಸು, ದಾರಿಯಲ್ಲಿ ಬೆವರು ಬಿಟ್ಟರೆ ಸರಿಹೋಗುತ್ತಾನೆ ಅಂದರು. ಅವ್ವ ಬಂದು, ಅವನು ಮಲಗಿದ್ದಾನೆ, ಎದ್ದ ಮೇಲೆ ಬರುತ್ತಾನೆ ಅಂದಳು. ಸಾಹುಕಾರರಿಗೆ ನಗು ಬಂತು. ಲಾರಿಗಳು ಹಾಗೆ ಕಾಯುವುದಿಲ್ಲ, ಈಗ ಬರದಿದ್ದರೆ ಬೇರೆಯವರನ್ನು ಕಳಿಸುತ್ತೇನೆ, ಆಮೇಲೆ ಆ ಸ್ಟೇರಿಂಗು ನಿಮ್ಮ ಮಗನದಲ್ಲ ಅಂತ ಎದ್ದುನಿಂತರು.

ಆಗ ಅತ್ತಿಗೆ ಹೊರಗೆ ಬಂದಳು. ಕೈಯಲ್ಲಿ ಆ ಬಿಳಿ ಚೀಲ. ಗಂಡನ ಸಾಹುಕಾರರ ಎದುರು ಅವಳು ಅದುವರೆಗೆ ಬಾಯಿ ತೆರೆದವಳಲ್ಲ. ಚೀಲ ಕೊಟ್ಟು, ಈಗ ಎಬ್ಬಿಸುತ್ತೇನೆ ಅನ್ನುತ್ತಾಳೆ ಅಂದುಕೊಂಡೆ ನಾನು. ಅದಕ್ಕೆಂದೇ ತಾನೇ ಅಷ್ಟು ದಿನ ಹೊಗೆ ಕುಡಿದದ್ದು.

“ಸಾವ್ಕಾರ್ರೇ, ಜ್ವರ ಏನಿಲ್ಲ. ಹೋದ್ಸಲ ಅವರು ಗಾಡಿ ಓಡಿಸ್ತಾ ಮಲಗ್ಬುಟ್ಟಿದ್ರು. ಲಾರಿ ಹೋಗಿ ಹೊಲದಲ್ಲಿ ನಿಂತಿತ್ತು, ಮುಂದೆ ಬಾವಿ ಇತ್ತು. ನಿದ್ದೆ ಬರದಂಗೆ ಅಗಿಯಕ್ಕೆ ಅಂತ ಇದನ್ನ ಮಾಡ್ದೆ. ಈಗ ಕೊಡಕ್ಕೆ ಮನಸಿಲ್ಲ. ಅವ್ರು ಮಲಗವ್ರೆ. ನಾನು ಎಬ್ಬಿಸಲ್ಲ.”

ಸಾಹುಕಾರರು ನನ್ನ ಮುಖ ನೋಡಿದರು, ನಾನು ನೆಲ ನೋಡಿದೆ. ಅವ್ವ ಅತ್ತಿಗೆಯನ್ನು ನೋಡುತ್ತಿದ್ದಳು. ಅವ್ವನ ಮುಖದಲ್ಲಿ ಆ ಸಂಗತಿ ಮೆಲ್ಲಗೆ ಒಳಕ್ಕೆ ಇಳಿಯುವುದು ಕಾಣುತ್ತಿತ್ತು: ಹೊಲ, ಬಾವಿ, ಕುಯ್ದ ಸೇಬು, ಒಂದರ ಹಿಂದೆ ಒಂದು. ಕೂಗಾಡಲಿಲ್ಲ. ಹೋಗಿ ಸೊಸೆಯ ಪಕ್ಕ ನಿಂತಳು, ಭುಜಕ್ಕೆ ಭುಜ ತಾಗುವ ಹಾಗೆ.

“ಇಬ್ಬರು ಓಡಿಸೋ ಗಾಡೀನ ಒಬ್ಬನ ಕೈಲಿ ಓಡಿಸಿದ್ರಿ,” ಅಂದಳು ಸಾಹುಕಾರರಿಗೆ. ಗೊಣಗುವ ದನಿಯೂ ಅಲ್ಲ, ಜಗಳದ ದನಿಯೂ ಅಲ್ಲ. “ಆ ಮೂಟೇಲಿರೋ ಕೊಬ್ಬರಿ ಒಂದು ವರ್ಷ ಮಲಗಿತ್ತು. ಇನ್ನೊಂದು ದಿನ ಮಲಗಿದ್ರೆ ಏನಾಯ್ತದೆ ಹೇಳಿ.”

ಸಾಹುಕಾರರು ಮತ್ತೆ ಕೂತರು. ಬಾಗಿಲಿನಿಂದ ಆ ವಾಸನೆ ಹೊರಗೆ ಬರುತ್ತಿತ್ತು. ಅವರು ಒಂದೆರಡು ಸಲ ಮೂಗೆಳೆದುಕೊಂಡದ್ದನ್ನು ನಾನು ನೋಡಿದೆ. ಅತ್ತಿಗೆ ಚೀಲ ಬಿಚ್ಚಿ, ತಟ್ಟೆಯಲ್ಲಿ ಒಂದು ಹಿಡಿ ಬಿಲ್ಲೆ ಹಾಕಿ ಮುಂದಿಟ್ಟಳು. ಮನೆಗೆ ಬಂದವರಿಗೆ ಏನಾದರೂ ಇಡಬೇಕಲ್ಲ. ಅವರು ಒಂದನ್ನು ಬಾಯಿಗೆ ಹಾಕಿಕೊಂಡು ಅಗಿದರು. ಅಗಿಯುತ್ತಾ ತೋಟದ ಕಡೆ ನೋಡುತ್ತಾ ಕೂತರು. ಇನ್ನೊಂದು ತೆಗೆದುಕೊಂಡರು. ಲಾರಿ ಹೊಲಕ್ಕೆ ಹೋದದ್ದಕ್ಕೆ ಬೈಯಬೇಕೋ, ತಾವು ಮಾಡಿದ್ದಕ್ಕೆ ನಾಚಬೇಕೋ ತಿಳಿಯದೆ ಆ ದವಡೆ ಆಡುತ್ತಿತ್ತು ಅಂತ ನನ್ನ ಲೆಕ್ಕ. ತಟ್ಟೆ ಖಾಲಿಯಾದ ಮೇಲೆ ಎದ್ದು, ಹುಳಿಯಾರಿನಲ್ಲಿ ದುರ್ಗಯ್ಯ ಅಂತ ಒಬ್ಬನಿದ್ದಾನೆ, ಕೈ ಚೆನ್ನಾಗಿದೆ, ಅವನನ್ನು ಮಾತಾಡಿಸುತ್ತೇನೆ, ನಾಳೆ ಬೆಳಿಗ್ಗೆ ಲಾರಿ ನಿಮ್ಮ ಮನೆಯ ಮುಂದೆಯೇ ಬರುತ್ತದೆ ಅಂತ ಹೇಳಿ ಮೋಟಾರ್ ಸೈಕಲ್ಲು ಹತ್ತಿದರು. ಮನೆಯ ಮುಂದೆ ಸದ್ದು ಮಾಡಲಿಲ್ಲ. ದಾರಿಯ ತನಕ ತಳ್ಳಿಕೊಂಡು ಹೋಗಿ ಅಲ್ಲಿ ಒದ್ದು ಶುರುಮಾಡಿಕೊಂಡರು.

ಅಣ್ಣ ಎದ್ದದ್ದು ದನ ಮನೆಗೆ ಬರುವ ಹೊತ್ತಿಗೆ. ಎದ್ದು ಕೂತು, ಯಾವ ಊರು ಅನ್ನುವ ಹಾಗೆ ಸುತ್ತ ನೋಡಿದ. ಮುಖ ತೊಳೆದಿಟ್ಟ ಹಾಗಿತ್ತು. ಹೊತ್ತೆಷ್ಟು ಅಂತ ಗೊತ್ತಾದ ಮೇಲೆ ಗಾಬರಿಯಾದ. ಅತ್ತಿಗೆ ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು, ಆಣೆ ಮುರಿದದ್ದನ್ನೂ ಸೇರಿಸಿ. ಅವನು ಕೇಳಿ, ಅವ್ವನ ಕಡೆ ನೋಡಲಾರದೆ ತಲೆ ತಗ್ಗಿಸಿದ.

“ಮಾನ ಹೋಯ್ತಲ್ಲೇ,” ಅಂದ.

“ಹೋಗ್ಲಿ,” ಅಂದಳು ಅತ್ತಿಗೆ. “ನೀವು ಇದ್ದೀರಲ್ಲ.”

ಅವ್ವ ಮುದ್ದೆಗೆ ಎಸರಿಟ್ಟಳು. ಅಣ್ಣ ಎರಡು ಮುದ್ದೆ ಉಂಡ, ಮೂರನೆಯದನ್ನು ಕೇಳಿದ. ಉಂಡಾದ ಮೇಲೆ ಅವ್ವ ನನ್ನ ಕಡೆ ತಿರುಗಿ, ಈಗ ಏಣಿ ಹಾಕು ಅಂದಳು. ಮೇಲಿನ ಸೇಬನ್ನೆಲ್ಲ ಮಂಕರಿಗೆ ಬಾಚಿಕೊಂಡು ಇಳಿಸಿದೆ, ಬಾಚುವಾಗ ಬೆರಳ ಸಂದಿಯಿಂದ ಜಾರುತ್ತಿದ್ದವು. ಕೆಳಗಿನ ಕಾಯಿಗಳನ್ನೂ ಇಳಿಸಿದೆ. ಅವ್ವ ಒಂದೊಂದನ್ನೇ ಕಿವಿಗೆ ಹಿಡಿದು ಅಲ್ಲಾಡಿಸಿ, ಕೆಟ್ಟದ್ದನ್ನು ಒಂದು ಕಡೆ, ಉಳಿದದ್ದನ್ನು ಒಂದು ಕಡೆ ಹಾಕಿದಳು. ಕೆಟ್ಟ ಕಡೆಯದೇ ದೊಡ್ಡ ಗುಡ್ಡೆಯಾಯಿತು. ಸೇಬನ್ನು ದನದ ಮುಂದೆ ಸುರಿದೆವು. ದನಗಳು ತಲೆಯೆತ್ತದೆ ತಿಂದವು. ಮಾರನೇ ದಿನ ಹಾಲು ಕರೆಯುವಾಗ ಒಂದೂ ಒದೆಯಲಿಲ್ಲ.

ಬೆಳಿಗ್ಗೆ ಲಾರಿ ಬಂತು. ದುರ್ಗಯ್ಯ ಅನ್ನುವವನು ಗಿಡ್ಡ ಆಸಾಮಿ, ದೊಡ್ಡ ಮೀಸೆ, ಮಾತು ಕಡಿಮೆ. ಅಣ್ಣ ಸ್ಟೇರಿಂಗಿನ ಕಡೆಯ ಬಾಗಿಲಿಗೆ ಹೋದ, ಅವನಿಗೆ ಅಭ್ಯಾಸ. ದುರ್ಗಯ್ಯ ಒಳಗಿನಿಂದಲೇ ಆ ಕಡೆ ಅಂತ ಗದ್ದದಿಂದಲೇ ತೋರಿಸಿದ. ಅಣ್ಣ ಒಂದು ಗಳಿಗೆ ನಿಂತು, ಲಾರಿಯ ಮೂತಿಯನ್ನು ಸುತ್ತಿಕೊಂಡು ಹೋಗಿ ಆ ಕಡೆ ಹತ್ತಿದ. ಅವ್ವ ಬಾಗಿಲಲ್ಲೇ ಇದ್ದಳು. ಅತ್ತಿಗೆ ಮತ್ತು ನಾನು ದಾರಿಯ ತನಕ ಹೋದೆವು. ಚೀಲದಲ್ಲಿ ಉಳಿದಿದ್ದ ಬಿಲ್ಲೆಗಳನ್ನು ಅವಳು ಅಣ್ಣನಿಗೆ ಕೊಡಲಿಲ್ಲ. ಕಿಟಕಿಯೊಳಗೆ ಕೈ ಚಾಚಿ ದುರ್ಗಯ್ಯನಿಗೆ ಕೊಟ್ಟಳು.

ಲಾರಿ ನಿಧಾನವಾಗಿ ತೋಟದ ಸಾಲು ದಾಟಿ ಕೆರೆ ಏರಿಯ ಕಡೆ ತಿರುಗಿತು. ತಿರುಗುವಾಗ ಕಿಟಕಿಯಲ್ಲಿ ಅಣ್ಣ ಕಂಡ. ತಲೆ ಆಗಲೇ ಬಾಗಿಲಿಗೆ ಒರಗಿತ್ತು, ಲಾರಿ ಅಲ್ಲಾಡಿದ ಹಾಗೆ ಅದೂ ಅಲ್ಲಾಡುತ್ತಿತ್ತು.

“ಮಲಗಿದ್ರು,” ಅಂದಳು ಅತ್ತಿಗೆ. ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಮನೆಯ ಕಡೆ ಹೊರಟಳು.